ಓರೆ ನಿಂತ ಮೀನು

ಫ್ಯಾನ್ ಬೆಲ್ಟ್ ಹರಿದದ್ದು ಒಳ್ಳೆಯದೇ ಆಯಿತು.
ಇಲ್ಲದಿದ್ದರೆ ಯಾರು ಇಳಿಯುತ್ತಾರೆ
ಮಿನೆಸೋಟದ ಈ ಮೂಲೆಯ ಟೋರ್ಸನ್ ಲೇಕಿನಲ್ಲಿ?
ಊರ ಬೋರ್ಡಿನಲ್ಲಿ ಜನಸಂಖ್ಯೆ ಆರುನೂರ ಹನ್ನೆರಡು.
ಕೊನೆಯ ಎರಡನ್ನು ಯಾರೋ ಮೊಳೆಯಲ್ಲಿ ಗೀಚಿ
ಒಂದು ಮಾಡಿದ್ದಾರೆ.

ಬೆಲ್ಟ್ ಪಕ್ಕದೂರಿನಿಂದ ಬರಬೇಕು,
ನಾಲ್ಕು ಗಂಟೆಯಾದರೂ ಬೇಕು, ಎಂದ ಗ್ಯಾರೇಜಿನ ಹುಡುಗ.
ಅಷ್ಟರಲ್ಲಿ ಮೀನು ನೋಡಿ ಬನ್ನಿ.

ನೋಡದೆ ಇರುವುದೇ ಕಷ್ಟ.
ನಲವತ್ತೊಂದು ಅಡಿ ಉದ್ದದ ಪೈಕ್ ಮೀನು,
ಕಬ್ಬಿಣದ ಜಾಲರಿಗೆ ಮೆತ್ತಿದ ಕಾಂಕ್ರೀಟು,
ಪಾಚಿ ಹಸಿರು ಮೈ, ಸಾಸಿವೆ ಹಳದಿ ಚುಕ್ಕೆ,
ತೆರೆದ ಬಾಯಿಗೆ ಐದು ಮೆಟ್ಟಿಲು,
ನಾಲಿಗೆಯ ಮೇಲೊಂದು ಬೆಂಚು.
ಬೇಸಿಗೆಯಲ್ಲಿ ಬಂದವರು ಅಲ್ಲಿ ಕೂತು
ಕೂಸಿನ ತಲೆಯನ್ನು ಹಲ್ಲಿಗೆ ಒರಗಿಸಿ
ನಗು, ನಗು ಎನ್ನುತ್ತಾರಂತೆ.
ಕೂಸು ಅಳುತ್ತದೆ. ಫೋಟೋ ಬರುತ್ತದೆ.

ಇಷ್ಟು ಮಾಡಿಯೂ ಮೀನಿನ ಮೂತಿ
ಕೆರೆಯತ್ತ ಇಲ್ಲ, ಹೆದ್ದಾರಿಯತ್ತ ಇಲ್ಲ.
ನೇರ ಮುಚ್ಚಿಹೋದ ಲಾಂಡ್ರಿಯ
ಹಿಂಗೋಡೆಗೆ.

ಏಣಿಯ ಮೇಲಿಂದ ಮೇವಿಸ್ ಹೇಳಿದಳು,
ಬಾಯಲ್ಲಿ ಒಂದು ಬ್ರಶ್ಶು, ಕೈಯಲ್ಲಿ ಇನ್ನೊಂದು:
ಅರವತ್ತೆರಡರಲ್ಲಿ ಆರ್ವಿಡ್ ಕಟ್ಟಿದ್ದು,
ಬೆಸುಗೆ ಕೆಲಸದವನು, ಈಜು ಬಾರದವನು.
ಆಗ ಹೆದ್ದಾರಿ ಇಲ್ಲೇ, ಕೆರೆಯಂಚಿಗೇ ಇತ್ತು,
ಬಂದವರ ಮುಖಕ್ಕೇ ಬಾಯಿ ತೆರೆದಿತ್ತು ಮೀನು.
ಆಮೇಲೆ ಸರ್ಕಾರ ಹೆದ್ದಾರಿಯನ್ನು ಚಾಪೆಯಂತೆ ಸುತ್ತಿ
ಊರ ಬೆನ್ನ ಹಿಂದೆ ಹಾಸಿತು.

ಚರ್ಚಿನ ನೆಲಮಾಳಿಗೆಯಲ್ಲಿ ಸಭೆ,
ಮೂರು ಕೆಟಲು ಕಾಫಿ, ಒಂದೇ ಮಾತು:
ಮೀನನ್ನು ತಿರುಗಿಸೋಣ.
ಬೇಡ ಎಂದವನು ಆರ್ವಿಡ್ ಒಬ್ಬನೇ.
ಯಾಕೆ ಬೇಡ ಎಂದು ಅವನು ಹೇಳಲಿಲ್ಲ,
ಇವರೂ ಕೇಳಲಿಲ್ಲ.

ಕ್ರೇನು ಬಂತು. ಗಂಟೆಗೆ ಇಷ್ಟೆಂದು ಬಾಡಿಗೆ.
ಅರ್ಧ ಸುತ್ತು ತಿರುಗಬೇಕಿತ್ತು.
ಕಾಲು ಸುತ್ತಿಗೆ ಕ್ರೇನಿನ ಗಾಲಿ
ಕೆರೆಮಣ್ಣಿನಲ್ಲಿ ಹೂತಿತು.
ಅದನ್ನು ಎತ್ತಲು ಇನ್ನೊಂದು ಕ್ರೇನು.
ದುಡ್ಡು ಮುಗಿಯಿತು, ತಿರುವು ಮುಗಿಯಲಿಲ್ಲ.
ಲಾಂಡ್ರಿಯವನು ಮಾತ್ರ ಒಂದಷ್ಟು ದಿನ
ನನ್ನ ಗಿರಾಕಿ ನೋಡಿ ಎಂದು
ಎಲ್ಲರಿಗೂ ತೋರಿಸುತ್ತಿದ್ದ.

ಅವಳು ನಕ್ಕಳು, ಏಣಿ ಅಲುಗಿತು, ಹಿಡಿದುಕೊಂಡೆ.

ಕೆರೆಯ ಮಂಜು ಒಡೆದ ಮೇಲೆ ಪ್ರತಿ ಮೇ ತಿಂಗಳು ಬಣ್ಣ.
ಮೊದಲು ಕಣ್ಣು.
ನಮ್ಮಲ್ಲಿ ಮೂರ್ತಿಗೆ ಕಣ್ಣು ಕೊನೆಗೆ ಬರೆಯುತ್ತಾರೆ ಎಂದೆ.
ಇರಬಹುದು, ಎಂದಳು.
ಇಲ್ಲಿ ಮಳೆಯನ್ನು ನಂಬುವ ಹಾಗಿಲ್ಲ.
ಮೈ ನಾಳೆಗಾದರೂ ಆದೀತು,
ಒಂದು ರಾತ್ರಿಯಾದರೂ ಅದು ಕುರುಡಾಗಿರಬಾರದು.

ಬಲಗಣ್ಣು ಮುಗಿಸಿ ಏಣಿಯನ್ನು
ಎಡಕ್ಕೆ ಹೊತ್ತೊಯ್ದೆವು.
ಆಗ ಹೊಳೆಯಿತು ನನಗೆ, ಇಷ್ಟು ಹೊತ್ತಿಗೆ:
ಮೀನಿನ ಕಣ್ಣು ಇರುವುದು ಪಕ್ಕದಲ್ಲಲ್ಲವೆ.
ಬಲಗಣ್ಣಿಗೆ ಪೂರ್ತಿ ಕೆರೆ,
ಎಡಗಣ್ಣಿಗೆ ದೂರದ ಹೆದ್ದಾರಿ,
ಸಾಲುಸಾಲು ಲಾರಿಗಳ ಮಿಣುಕು.
ಕೆಟ್ಟದ್ದೇ ಸರಿಯಾಗಿ ಕೂತಿದೆ.
ಹೇಳಬೇಕೆನಿಸಿತು. ಅವಳಿಗೆ ಗೊತ್ತಿರದೆ ಇದ್ದೀತೆ?
ಸುಮ್ಮನಾದೆ.

ನೀರಲ್ಲಿ ಮೀನಿನ ಹೆಜ್ಜೆ ಕಂಡವರಾರು
ಎನ್ನುತ್ತಿದ್ದಳು ನನ್ನ ಸೋದರತ್ತೆ,
ಯಾವ ಪ್ರಶ್ನೆಗೂ ಅದೇ ಉತ್ತರ.
ಅತ್ತೆ, ಇಲ್ಲಿ ನೆಲದ ಮೇಲಿದೆ:
ಪೀಠದ ಸುತ್ತ ಗೇಣಗಲದ ಕಮಾನು ಗೀರು,
ಹನ್ನೊಂದು ಟನ್ ತೂಕ ಒಮ್ಮೆ ಹೊರಳಿದ ಗುರುತು.
ಗೀರಿನ ತುಂಬ ಹಳದಿ ಕಾಡುಹೂವು.
ಗೀರು ನಿಂತಲ್ಲಿ ಹೂವೂ ನಿಂತಿದೆ.

ಆರ್ವಿಡ್ ಈಗ? ಎಂದು ಕೇಳಿದೆ.
ಫೆಬ್ರವರಿಯಲ್ಲಿ, ಎಂದಳು.
ಹೊಸ ಡಬ್ಬದ ಮುಚ್ಚಳವನ್ನು
ಮೊಳೆಯಿಂದ ಮೀಟಿ ತೆಗೆದು
ಕಪ್ಪು ಬಣ್ಣ ಕದಡತೊಡಗಿದಳು.

ಬೆಲ್ಟ್ ಬಂತು. ಐದು ಗಂಟೆಯಾಗಿತ್ತು.
ತಿರುವಿನಲ್ಲಿ ಪಕ್ಕದ ಕನ್ನಡಿಗೆ
ಒಂದು ಗಳಿಗೆ ಸಿಕ್ಕಿತು
ಎಡಗಣ್ಣು,
ಇನ್ನೂ ಒದ್ದೆ.